ಪುಟ್ಟಿ, ಕರ್ಚೀಫಿಗೆ ಆ ಧೂಳು ನಿಲ್ಲಲ್ಲ

ಪುಟ್ಟಿ, ದೊಡ್ಡಮ್ಮ ಮಾತಾಡ್ತಿರೋದು. ಟೈಪ್ ಮಾಡೋಕೆ ಕಣ್ಣು ಕಾಣಲ್ಲ, ಹೇಳ್ಬಿಡ್ತೀನಿ. ನಿನ್ನ ಮಗ ಗ್ರಾನೈಟ್ ಕೊಯ್ಯೋ ಕೆಲಸಕ್ಕೆ ಸೇರಿ 8 ತಿಂಗಳಾಯ್ತು, ಒಣಕೆಮ್ಮು ಬಿಡ್ತಿಲ್ಲ, ಕರ್ಚೀಫ್ ಕಟ್ಕೊಂಡ್ರೆ ಸಾಕಾ ಅಂತ ಕೇಳಿದ್ದೀಯಲ್ಲ. ಸಾಕಾಗಲ್ಲ ಕಣವ್ವ. ನೀರಿಲ್ದೆ ಕಲ್ಲು ಕೊಯ್ಯೋಕೆ ಬಿಡಬೇಡ ಅವನ್ನ.

ಪೇರೇಸಂದ್ರದ ಮಾವನ ವಿಷಯ ಎಲ್ಲರಿಗೂ ಗೊತ್ತು, ಆದ್ರೆ ಜೊತೇಲಿದ್ದು ನೋಡ್ದೋಳು ನಾನು. ಬಂಡೆ ಮೇಲೆ ಜಾಕ್‌ಹ್ಯಾಮರ್ ಹಿಡ್ದು 11 ವರ್ಷ ಕುಳಿ ಹೊಡೆದ ನನ್ನ ತಮ್ಮ. ಸಾಯಂಕಾಲ ಬಂದ್ರೆ ಕಣ್ರೆಪ್ಪೆ ಮೇಲೂ ಬಿಳೀ ಹುಡಿ, ಹಿಟ್ಟಿನ ಗಿರಣಿಯೋನ ಹಂಗೆ. ಅವನೂ ಟವೆಲ್ ಕಟ್ಕೋತಿದ್ದ. ಕಣ್ಣಿಗೆ ಕಾಣೋ ಹುಡಿ ಟವೆಲ್ಲಲ್ಲಿ ನಿಂತ್ಕೋತು, ಕಾಣದ ಸಣ್ಣದು ಶ್ವಾಸಕೋಶದ ತಳಕ್ಕೆ ಇಳೀತು. ಅದು ಕೆಮ್ಮಿದ್ರೆ ಬರೋದಲ್ಲ. ಅಲ್ಲೇ ಗಾಯ ಮಾಡಿ, ಗಾಯ ಗಟ್ಟಿಯಾಗಿ, ಉಸಿರಿಗೆ ಜಾಗಾನೇ ಇಲ್ದಂಗೆ ಮಾಡ್ತು.

ಎರಡು ಸಲ ಟಿಬಿ ಮಾತ್ರೆ ನುಂಗಿಸಿದ್ರು, ಆರಾರು ತಿಂಗಳು. ಕಫದಲ್ಲಿ ಏನೂ ಸಿಕ್ಕಿರಲಿಲ್ಲ. ಏನು ಕೆಲಸ ಮಾಡ್ತೀಯಪ್ಪ ಅಂತ ಒಬ್ಬರೂ ಕೇಳ್ಲಿಲ್ಲ, ಇವನೂ ಕೂಲಿ ಅಂತಷ್ಟೇ ಬರೆಸಿದ್ದ. ಕೊನೆಗೆ ಬೆಂಗಳೂರಲ್ಲಿ ಒಬ್ಬ ಡಾಕ್ಟ್ರು ಎಕ್ಸ್‌ರೇ ಬೆಳಕಿಗೆ ಹಿಡ್ದು, ಬಂಡೆ ಕೆಲಸಾನಾ ಅಂದ್ರು. ಸಿಲಿಕೋಸಿಸ್, ಕಲ್ಲಿನ ಧೂಳಿಂದ ಶ್ವಾಸಕೋಶಕ್ಕೆ ಬರೋ ಕಾಯಿಲೆ. ಕೆಲಸ ಬಿಟ್ಟು ಆಗ್ಲೇ ಎರಡು ವರ್ಷ ಆಗಿತ್ತು, ಬಿಟ್ಟ ಮೇಲೂ ಅದು ಬೆಳೀತಾನೇ ಹೋಯ್ತು. ವಾಸಿ ಮಾಡೋ ಔಷಧಿ ಇಲ್ಲ. ಬಚ್ಚಲಿಂದ ಜಗಲಿಗೆ ಬರೋಷ್ಟ್ರಲ್ಲಿ ಮೂರು ಸಲ ಗೋಡೆ ಹಿಡ್ಕೊಂಡು ನಿಲ್ತಿದ್ದ. 42ಕ್ಕೇ ಹೋದ. ಇನ್ನೊಂದ್ಸಲ ಹೇಳ್ತೀನಿ ಪುಟ್ಟಿ, ನೀರಿಲ್ದೆ ಕಲ್ಲು ಕೊಯ್ಯೋಕೆ ಬಿಡಬೇಡ.

ಅವನ ಮಾಲೀಕ ಏನಂದ ಗೊತ್ತಾ? ಬೀಡಿ ಸೇದಿ ಸತ್ತ ಅಂದ. ಹುಟ್ಟಿದಾಗಿಂದ ಬೀಡಿ ಮುಟ್ಟದೋನು ನನ್ನ ತಮ್ಮ! 1923ರ ಕಾರ್ಮಿಕರ ಪರಿಹಾರ ಕಾಯ್ದೆ ಪಟ್ಟೀಲೇ ಈ ಕಾಯಿಲೆ ಇತ್ತು, ಲಾಯರ್ರು ತೋರಿಸಿದ್ರು. ಆದ್ರೆ ಹಾಜರಿ ಪುಸ್ತಕದಲ್ಲಿ ಇವನ ಹೆಸರೇ ಇಲ್ಲ, ಬಟವಾಡೆ ಎಲ್ಲ ಕೈಗೇ ಕೊಡ್ತಿದ್ದಿದ್ದು. 2021ರಲ್ಲಿ ಹಿರೇನಾಗವಲ್ಲಿ ಹತ್ರ ಬಂಡೆ ಒಡೆಯೋ ಜಿಲೆಟಿನ್ ಸಿಡಿದು 6 ಜನ ಹೋದಾಗ ಟಿವಿಯೋರು, ಪೊಲೀಸ್ರು ಎಲ್ಲ ಬಂದ್ರು. ಬರಬೇಕಾದ್ದೇ. ಧೂಳು ಕುಡ್ದು ಒಬ್ಬೊಬ್ಬರಾಗಿ ಹೋಗೋರ ಮನೆಗೆ ಯಾರು ಬರ್ತಾರೆ? ತಮ್ಮನ ಹೆಣ ಜಗಲೀಲಿ ಇರೋವಾಗ ಮನೆ ಮುಂದೆ ಜಲ್ಲಿ ಲಾರಿಗಳು ನಿಲ್ದೆ ಓಡಾಡ್ತಿದ್ವು.

ಅಯ್ಯೋ, ನೀನು ಕೇಳಿದ್ದು ಅದಲ್ಲ. ಬ್ಲೇಡಿನ ಮೇಲೆ ನೀರು ಬೀಳ್ತಾನೇ ಇರಬೇಕು, ಅದಕ್ಕಂತ್ಲೇ ಬರೋ ಮಷಿನ್ ತಗೋಬೇಕು, ಇಲ್ದಿದ್ರೆ ನೀರಿಗೆ ಕರೆಂಟ್ ಹೊಡೆಯುತ್ತೆ. ಮುಖಕ್ಕೆ ಎನ್95 ಮಾಸ್ಕ್, ಗಡ್ಡ ತೆಗೆದು ಬಿಗಿಯಾಗಿ. ಬಟ್ಟೆ ಮನೇಲಿ ಕೊಡವಬೇಡಿ, ನೆನೆಸಿ ಒಗೀರಿ, ಮಗು ಐತೆ. ಎಕ್ಸ್‌ರೇ, ಕಫ ಪರೀಕ್ಷೆ ಎರಡೂ ಮಾಡಿಸ್ಬೇಕು, ಧೂಳು ತಿಂದ ಎದೆಗೆ ಟಿಬಿ ಬೇಗ ಹತ್ಕೊಳುತ್ತೆ. ಇಷ್ಟು ಬೇಗ ಎಕ್ಸ್‌ರೇಲಿ ಏನೂ ಕಾಣ್ದೇ ಇರಬಹುದು, ಏನೂ ಇಲ್ಲ ಅಂದ್ರು ಅಂತ ಮತ್ತೆ ಹಂಗೇ ಮಷಿನ್ ಹಿಡಿಯೋದು ಬೇಡ. ಡಾಕ್ಟ್ರಿಗೆ ಬಾಯಿ ಬಿಟ್ಟು ಗ್ರಾನೈಟ್ ಕೊಯ್ತೀನಿ ಅನ್ಲಿ, ಚೀಟೀಲಿ ಬರೆಸ್ಕೊಳ್ಲಿ. ಶುಕ್ರವಾರ ಮೊದಲ ಬಸ್ಸಿಗೆ ನಾನೂ ಬರ್ತೀನಿ, ಅವನ್ನ ಅವತ್ತು ಕೆಲಸಕ್ಕೆ ಕಳಿಸ್ಬೇಡ.