ಎರಡೂವರೆ ಎಕರೆ ಜಮೀನು: ಬೆಲ್ಲ ಮಾಡಿಸಿ ನೇರ ಮಾರೋರು ಅನುಭವ ಹೇಳಿ

ಪ್ರಶ್ನೆ, ಮದ್ದೂರು ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮಗೆ ಎರಡೂವರೆ ಎಕರೆ ಇದೆ. ಒಂದೂವರೆ ಎಕರೆ ಕಬ್ಬು, ಮಿಕ್ಕಿದ್ದು ತೆಂಗು, ಸ್ವಲ್ಪ ತರಕಾರಿ. ಇಷ್ಟು ವರ್ಷ ಅಪ್ಪ ಕಬ್ಬನ್ನ ಕಾರ್ಖಾನೆಗೆ ಕಳಿಸ್ತಿದ್ರು. ಕಟಾವು ತಡ, ದುಡ್ಡು ಬರೋದು ಇನ್ನೂ ತಡ. ಈ ಸಲ ಪಕ್ಕದೂರಿನ ಆಲೆಮನೇಲಿ ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡೋ ರಾಸಾಯನಿಕ) ಹಾಕದ ಬೆಲ್ಲ ಮಾಡಿಸಿ ಬೆಂಗಳೂರಿಗೆ ನೇರವಾಗಿ ಮಾರೋಣ ಅಂತ ನಾನೂ ನನ್ನ ಹೆಂಡತಿಯೂ ಯೋಚಿಸ್ತಿದೀವಿ. ಬೇಸಾಯ ಗೊತ್ತು, ವ್ಯಾಪಾರ ಗೊತ್ತಿಲ್ಲ. ದರ ಹೇಗೆ ಕಟ್ಟೋದು, ಗಿರಾಕಿ ಎಲ್ಲಿ ಹುಡುಕೋದು, ಲೈಸೆನ್ಸ್ ಏನೇನು ಬೇಕು? ಮಾಡಿ ನೋಡಿದವರು ದಯವಿಟ್ಟು ಬರೀರಿ.

ಪಾಂಡವಪುರದಿಂದ

ತಮ್ಮ, ನಮ್ಮದು ಸ್ವಂತ ಆಲೆಮನೆ. ಬೆಲ್ಲ ನೇರ ಮಾರೋಕೆ ಶುರು ಮಾಡಿ ಕೆಲವು ವರ್ಷ ಆಯ್ತು. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಎಲ್ಲ ಆಮೇಲೆ. ಮೊದಲು ಗಂಡ ಹೆಂಡತಿ ಇಬ್ಬರೂ ಕೂತು ಹಾಳೆ ಮೇಲೆ ಎರಡು ಲೆಕ್ಕ ಬರೀರಿ.

ಮೊದಲನೇದು, ನಿಮ್ಮ ಬೆಲ್ಲ ಎಷ್ಟು ಮನೆಗೆ ಆಗುತ್ತೆ ಅನ್ನೋದು. ಟನ್ ಕಬ್ಬಿಗೆ ಹೆಚ್ಚುಕಮ್ಮಿ ನೂರು ಕೆ.ಜಿ. ಬೆಲ್ಲ ಬೀಳುತ್ತೆ. ಎಕರೆಗೆ 40 ಟನ್ ಬಂತು ಅಂದ್ರೆ 4,000 ಕೆ.ಜಿ. ಆಯ್ತು. ಪೇಟೆ ಮನೇಲಿ ತಿಂಗಳಿಗೆ ಒಂದೂವರೆ ಕೆ.ಜಿ. ಬಳಸ್ತಾರೆ ಅಂತ ಧಾರಾಳವಾಗೇ ಹಿಡಿಯಿರಿ, ವರ್ಷಕ್ಕೆ 18 ಕೆ.ಜಿ. ಹಂಗಾದ್ರೆ ಒಂದೇ ಎಕರೆ ಬೆಲ್ಲ ಖರ್ಚಾಗೋಕೆ ಸುಮಾರು 220 ಮನೆ ಬೇಕು. ಅದೂ ವರ್ಷಪೂರ್ತಿ ಬೇರೆ ಕಡೆ ಹೋಗದೆ ನಿಮ್ಮ ಹತ್ರಾನೇ ತಗೊಳ್ಳೋ ಮನೆ. ಈ ಲೆಕ್ಕ ಹಾಕದೆ ಗದ್ದೆ ಕಬ್ಬನ್ನೆಲ್ಲ ಗಾಣಕ್ಕೆ ಕೊಟ್ಟು, ಮಳೆಗಾಲದಲ್ಲಿ ಬೆಲ್ಲ ನೀರೊಡೆದಾಗ ಸಿಕ್ಕಿದ ರೇಟಿಗೆ ಮಂಡಿಗೆ ಹಾಕಿದವರನ್ನ ನಮ್ಮ ಸುತ್ತಮುತ್ತ ಬೇಕಾದಷ್ಟು ನೋಡಿದೀನಿ. ಮೊದಲ ವರ್ಷ ಐದಾರು ಟನ್ ಮಾತ್ರ ಬೆಲ್ಲಕ್ಕೆ ಇಡಿ, ಮಿಕ್ಕಿದ್ದು ಕಾರ್ಖಾನೆಗೇ ಹೋಗಲಿ. ಮೂವತ್ತು ಮನೆ ಖಾಯಂ ಆದ್ರೆ ಆ ಬೆಲ್ಲ ಅಷ್ಟೂ ಮುಗಿಯುತ್ತೆ. ಮೂವತ್ತು ಮನೆ ಹುಡುಕೋದು ಯಾರ ಕೈಲಾದ್ರೂ ಆಗೋ ಕೆಲಸ.

ಎರಡನೇದು ದರದ ಲೆಕ್ಕ. ತುಂಬಾ ಜನ ಕಬ್ಬು ನಮ್ಮದೇ ಅಲ್ವಾ ಅಂತ ಅದಕ್ಕೆ ಬೆಲೆ ಹಾಕೋದೇ ಇಲ್ಲ. ಹಂಗೆ ಮಾಡಬೇಡಿ. ಕಾರ್ಖಾನೆಗೆ ಕೊಟ್ಟಿದ್ರೆ ಎಷ್ಟು ಬರ್ತಿತ್ತೋ ಅದೇ ನಿಮ್ಮ ಕಬ್ಬಿನ ಬೆಲೆ. ಲೆಕ್ಕಕ್ಕೆ ಸುಲಭ ಆಗಲಿ ಅಂತ ಟನ್ನಿಗೆ 3,000 ಇಟ್ಕೊಳ್ಳಿ. ಕೆ.ಜಿ. ಬೆಲ್ಲಕ್ಕೆ 30 ರೂಪಾಯಿ ಕಬ್ಬಿನದೇ ಆಯ್ತು. ಕಟಾವು, ಸಾಗಣೆ, ಆಲೆಮನೆ ಬಾಡಿಗೆ, ಆಳು, ಸುಣ್ಣ, ಎಣ್ಣೆ ಎಲ್ಲ ಸೇರಿ 14 ಅನ್ನಿ. ಕವರು, ಲೇಬಲ್ಲಿಗೆ 5. ಬೆಂಗಳೂರಿಗೆ ಒಯ್ದು ಮನೆ ಮನೆಗೆ ಮುಟ್ಟಿಸೋಕೆ 6. ಒಡೆದ ಅಚ್ಚು, ಪುಡಿ, ತೂಕ ಇಳಿಯೋದಕ್ಕೆ 3. ನಿಮ್ಮಿಬ್ಬರ ಕೂಲಿ 7. ಒಟ್ಟು 65. ನಿಮ್ಮ ಕಡೆ ಅಂಕಿ ಬೇರೆ ಇರಬಹುದು, ಸಾಲುಗಳು ಮಾತ್ರ ಇವೇ.

ಈಗ 85ಕ್ಕೆ ಮಾರಿದ್ರೆ 20 ಉಳೀತು ಅಂತ ಖುಷಿ ಆಗುತ್ತೆ. ನಾಳೆ ಒಂದು ಸಾವಯವ ಅಂಗಡಿಯವರು ಬಂದು, ನಮಗೆ ನೂರಕ್ಕೆ 25 ಬಿಡಿ ಅಂತಾರೆ. ಆಗ ನಿಮ್ಮ ಕೈಗೆ ಬರೋದು 63 ಚಿಲ್ಲರೆ, ಅಂದ್ರೆ ಅಸಲೂ ಇಲ್ಲ. ಆಗ ರೇಟು ಏರಿಸೋಕೆ ಹೋದ್ರೆ ಹಳೇ ಗಿರಾಕಿಗಳು ಬೇಜಾರಾಗ್ತಾರೆ. ಅದಕ್ಕೇ ಮೊದಲ ದಿನವೇ ಅಂಗಡಿ ಕಮಿಷನ್ ತಡೆಯೋ ಹಂಗೆ ದರ ಕಟ್ಟಬೇಕು. ಈ ಲೆಕ್ಕದಲ್ಲಿ 95 ಅಂತ ಇಟ್ರೆ ಅಂಗಡಿಗೆ ಕೊಟ್ಟಮೇಲೂ 71 ಸಿಗುತ್ತೆ. ಮನೆಗಳಿಗೂ ಅದೇ 95. ಖಾಯಂ ಗಿರಾಕಿಗೆ ಏನಾದ್ರೂ ಕೊಡಬೇಕು ಅನ್ಸಿದ್ರೆ ಎರಡು ತೆಂಗಿನಕಾಯಿ ಇಟ್ಟು ಕಳಿಸಿ, ರೇಟು ಇಳಿಸಬೇಡಿ.

ಇನ್ನು ಬಣ್ಣದ ವಿಚಾರ, ನಿಮಗೆ ದಿನಾ ಎದುರಾಗೋ ಮಾತು ಇದೇ. ಹೈಡ್ರೋಸ್ ಹಾಕಿದ ಬೆಲ್ಲ ಹಳದಿಯಾಗಿ ಹೊಳೆಯುತ್ತೆ, ಹಾಕದೇ ಇದ್ರೆ ಕಂದು. ಜನಕ್ಕೆ ಹಳದಿ ನೋಡಿ ಅಭ್ಯಾಸ. ಇದ್ಯಾಕೆ ಕಪ್ಪಗಿದೆ, ಹಳೇದಾ ಅಂತ ಕೇಳೇ ಕೇಳ್ತಾರೆ. ಬಾಯಲ್ಲಿ ವಿವರಿಸೋದಕ್ಕಿಂತ ತೋರಿಸಿ. ಗಾಣದಿಂದ ಕಬ್ಬಿನ ಹಾಲು ಬೀಳೋದು, ಬೆಂಡೆ ಗಿಡದ ರಸ ಹುಯ್ದ ಮೇಲೆ ಮಡ್ಡಿ ಮೇಲೆ ಬರೋದು, ಅದನ್ನ ತೆಗೆಯೋದು, ಕೊಪ್ಪರಿಗೇಲಿ ಪಾಕ ಉಕ್ಕೋದು, ಅಚ್ಚಿಗೆ ಹುಯ್ಯೋದು. ಒಂದೊಂದು ನಿಮಿಷದ ವಿಡಿಯೋ, ನಿಮ್ಮ ಫೋನಲ್ಲೇ ತೆಗೀರಿ, ಹಾಡು ಗೀಡು ಸೇರಿಸಬೇಡಿ. ಜೊತೆಗೆ ಮೊದಲ ಸಲ ಕೇಳಿದವರಿಗೆ ಕಾಲು ಕೆ.ಜಿ. ಪ್ಯಾಕೆಟ್ಟು ಕೊಡಿ. ಟೀಗೋ ಪಾಯಸಕ್ಕೋ ಹಾಕಿ ನೋಡಿದವರು ಬಣ್ಣದ ಮಾತು ಮತ್ತೆ ಎತ್ತಲ್ಲ.

ಅಚ್ಚು ಬೆಲ್ಲಕ್ಕಿಂತ ಪುಡಿ ಬೆಲ್ಲ ಅಪಾರ್ಟ್‌ಮೆಂಟಿನವರಿಗೆ ಇಷ್ಟ. ತೇವ ಕಮ್ಮಿ ಇರೋದ್ರಿಂದ ಮಳೆಗಾಲಕ್ಕೂ ತಡೆಯುತ್ತೆ. ಅರ್ಧ ಪುಡಿ, ಅರ್ಧ ಅಚ್ಚು ಮಾಡಿಸಿ. ಸಂಕ್ರಾಂತಿ ಎಳ್ಳು ಬೆಲ್ಲಕ್ಕೆ ಡಿಸೆಂಬರಲ್ಲೇ ಆರ್ಡರ್ ಕೇಳಿ, ಹಬ್ಬ ಎದುರಿಗೆ ಬಂದಮೇಲೆ ಕೇಳಿದ್ರೆ ಜನ ಆಗಲೇ ಬೇರೆ ಕಡೆ ತಗೊಂಡಿರ್ತಾರೆ.

ವಾಟ್ಸಾಪಲ್ಲಿ ಗುಂಪು ಕಟ್ಟಬೇಡಿ. ಬಿಸಿನೆಸ್ ವಾಟ್ಸಾಪ್ ಹಾಕ್ಕೊಂಡು ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಸಂದೇಶ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗೋ ಪಟ್ಟಿ) ಮಾಡಿ, ಒಂದು ಲಿಸ್ಟಿಗೆ 256 ನಂಬರ್ ತನಕ ಹಿಡಿಯುತ್ತೆ. ಅವರು ನಿಮ್ಮ ನಂಬರ್ ಸೇವ್ ಮಾಡ್ಕೊಂಡಿದ್ರೆ ಮಾತ್ರ ಸಂದೇಶ ಹೋಗೋದು. ಅದಕ್ಕೆ ಬೆಲ್ಲ ಕೊಡೋವಾಗಲೇ ಅವರ ಎದುರಿಗೇ ನಂಬರ್ ಸೇವ್ ಮಾಡಿಸಿ. ತಿಂಗಳಿಗೆ ಎರಡು ಸಂದೇಶ ಸಾಕು. ದಿನಾ ಶುಭೋದಯ ಕಳಿಸಿದ್ರೆ ಜನ ಬ್ಲಾಕ್ ಮಾಡ್ತಾರೆ.

ಬೆಂಗಳೂರಿನಿಂದ, ಕೊಳ್ಳುವವಳ ಕಡೆಯ ಮಾತು

ನಾನು ರೈತಳಲ್ಲ, ಆದರೂ ಬರೆಯಬೇಕು ಅನಿಸಿತು. ನಮ್ಮ ಅಪಾರ್ಟ್‌ಮೆಂಟಿಗೆ ರೈತರು ಬಂದು ಮಾರಿದ್ದಾರೆ. ಕೆಲವರು ಉಳಿದುಕೊಂಡಿದ್ದಾರೆ, ಕೆಲವರು ಎರಡು ಸಲ ಬಂದು ನಿಂತುಹೋದರು. ಉಳಿದವರ ಸರಕು ಬೇರೆಯವರದಕ್ಕಿಂತ ಬಹಳ ಮೇಲೇನೂ ಅಲ್ಲ. ಹೇಳಿದ ದಿನ ಬರುತ್ತಾರೆ, ಅಷ್ಟೇ. ಗುರುವಾರ ಸಂಜೆಯೊಳಗೆ ಆರ್ಡರ್, ಶನಿವಾರ ಬೆಳಿಗ್ಗೆ ಗೇಟಿನ ಹತ್ತಿರ ಡಬ್ಬ. ಬರಲಾಗದಿದ್ದರೆ ಶುಕ್ರವಾರವೇ ತಿಳಿಸುತ್ತಾರೆ.

ಒಂದು ಕಟ್ಟಡದಲ್ಲಿ ಒಬ್ಬರನ್ನು ಹಿಡಿಯಿರಿ, ಬೆಲ್ಲದ ಅಡುಗೆ ಜಾಸ್ತಿ ಮಾಡುವ ಮನೆಯವರನ್ನು. ಅವರೇ ಪಕ್ಕದ ಮನೆಗಳಿಗೆ ಹೇಳುತ್ತಾರೆ. ಒಳಗೆ ಮೇಜು ಹಾಕಿ ಮಾರಬೇಕಾದರೆ ನಿವಾಸಿಗಳ ಸಂಘದ ಅನುಮತಿ ಬೇಕು, ಮೊದಲೇ ಕೇಳಿಕೊಳ್ಳಿ. ಮತ್ತೆ, ದಯವಿಟ್ಟು ನಿಮ್ಮ ಊರಿನ ಹೆಸರನ್ನು ಪ್ಯಾಕೆಟ್ ಮೇಲೆ ದೊಡ್ಡದಾಗಿ ಹಾಕಿ. ಇಂಗ್ಲಿಷಿನ ಥಳುಕಿನ ಹೆಸರು ಬೇಡ. ಮದ್ದೂರಿನ ಬೆಲ್ಲ ಅಂದರೆ ನಮಗೆ ಮನಸ್ಸಿನಲ್ಲಿ ನಿಲ್ಲುತ್ತದೆ.

ಶಿರಸಿಯಿಂದ

ನಮ್ಮದು ಹೆಂಗಸರ ಸಂಘ. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲ (ಕೋಕಂ) ಶರಬತ್ತು, ಜೋನಿ ಬೆಲ್ಲ (ದ್ರವ ಬೆಲ್ಲ) ಮಾರುತ್ತೇವೆ. ನೀವು ಕಾಗದಪತ್ರದ ಬಗ್ಗೆ ಕೇಳಿದ್ದೀರಿ, ಅದಷ್ಟನ್ನೇ ಹೇಳುತ್ತೇನೆ.

ಮೊದಲು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ. ಸಣ್ಣ ವಹಿವಾಟಿನವರಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು. ನಾವು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ. ಫಾಸ್ಕಾಸ್ ಎಂಬ ಸರಕಾರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಸಾವಿರಗಟ್ಟಲೆ ಕೇಳುವ ಏಜೆಂಟರು ಫೋನ್ ಮಾಡುತ್ತಾರೆ, ಅವರ ಅಗತ್ಯವಿಲ್ಲ. 14 ಅಂಕಿಯ ಸಂಖ್ಯೆ ಸಿಗುತ್ತದೆ, ಅದು ಲೇಬಲ್ ಮೇಲೆ ಇರಲೇಬೇಕು. ನೀವು ಬೆಲ್ಲ ಮಾಡಿಸುವ ಆಲೆಮನೆಗೂ ನೋಂದಣಿ ಇದೆಯೇ ಎಂದು ಕೇಳಿಕೊಳ್ಳಿ.

ಲೇಬಲ್ ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಪದಾರ್ಥದ ಹೆಸರು, ಏನೇನು ಸೇರಿದೆ, ನಿವ್ವಳ ತೂಕ, ಪ್ಯಾಕ್ ಮಾಡಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ನಿಮ್ಮ ವಿಳಾಸ, ದೂರು ಹೇಳಲು ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿ. ಬ್ಯಾಚ್ ಸಂಖ್ಯೆ ಕಾನೂನಿಗಾಗಿ ಮಾತ್ರ ಎಂದುಕೊಳ್ಳಬೇಡಿ. ಒಮ್ಮೆ ನಮ್ಮ ಜೋನಿ ಬೆಲ್ಲ ಹುಳಿಯಾಗಿದೆ ಎಂದು ಒಬ್ಬರು ಹೇಳಿದಾಗ, ಬ್ಯಾಚ್ ನೋಡಿ ಅದೇ ಕೊಪ್ಪರಿಗೆಯ ಬೆಲ್ಲ ಹೋದ ಮನೆಗಳಿಗೆಲ್ಲ ನಾವೇ ಮೊದಲು ಫೋನ್ ಮಾಡಿದೆವು, ಬದಲಿ ಬಾಟಲಿ ಕಳಿಸಿದೆವು. ಆ ಮನೆಗಳು ಇಂದಿಗೂ ನಮ್ಮ ಹತ್ತಿರವೇ ತೆಗೆದುಕೊಳ್ಳುತ್ತವೆ.

ಸಾವಯವ ಎಂಬ ಶಬ್ದವನ್ನು ಪ್ಯಾಕೆಟ್ ಮೇಲೆ ಅಚ್ಚು ಹಾಕುವ ಮೊದಲು ವಿಚಾರಿಸಿ. ಅಂಗಡಿಗೆ ಹೋಗುವ ಸರಕಿಗೆ ಹಾಗೆ ಬರೆಯಬೇಕಾದರೆ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್ (ರೈತರ ಗುಂಪು ಪರಸ್ಪರ ಪರಿಶೀಲಿಸುವ ವ್ಯವಸ್ಥೆ) ಪ್ರಮಾಣಪತ್ರ ಬೇಕು. ಅಲ್ಲಿಯವರೆಗೆ, ಹೈಡ್ರೋಸ್ ಹಾಕಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ.

ಜಿಎಸ್‌ಟಿ ನೋಂದಣಿ, ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ದಾಟುವವರೆಗೆ ಕಡ್ಡಾಯವಲ್ಲ. ಹೊರರಾಜ್ಯಕ್ಕೆ ಕಳಿಸುವುದಾದರೆ, ಆನ್‌ಲೈನ್ ಮಳಿಗೆಗಳಿಗೆ ಕೊಡುವುದಾದರೆ ನಿಯಮ ಬೇರೆ, ಲೆಕ್ಕಪರಿಶೋಧಕರನ್ನು ಕೇಳಿ.

ಕೊರಿಯರ್ ದುಬಾರಿ. ಹತ್ತು ಕೆ.ಜಿ. ಮೇಲಿನ ಪೆಟ್ಟಿಗೆಗೆ ಕೆಎಸ್‌ಆರ್‌ಟಿಸಿ ಬಸ್ಸಿನ ‘ನಮ್ಮ ಕಾರ್ಗೋ’ ಸರಕು ಸೇವೆ ವಿಚಾರಿಸಿ ನೋಡಿ. ನಿಮ್ಮೂರಿಂದ ಬೆಂಗಳೂರಿಗೆ ಬಸ್ಸಿಗೆ ಕೊರತೆಯಿಲ್ಲ.

ಕೋಲಾರದಿಂದ

ಅಣ್ಣ, ನಾವು ಟೊಮೊಟೊ ಬೆಳೆಯೋರು. 15 ಕೆ.ಜಿ. ಬಾಕ್ಸು, ಬೆಳಗಿನ ಹರಾಜು, ಇದೇ ನಮ್ಮ ಬದುಕು. ನಾನೂ ಸ್ವಲ್ಪ ತರಕಾರಿ ನೇರ ಕೊಡ್ತೀನಿ, ಆದ್ರೆ ಮಂಡಿ ಬಿಟ್ಟಿಲ್ಲ. ನೀವೂ ಬಿಡಬೇಡಿ. ಫಸಲು ಒಂದೇ ಸಲ ಬಂದಾಗ ಅಷ್ಟೂ ತಗೊಳ್ಳೋನು ಮಂಡಿಯವನೇ. ಅವನ ಹತ್ರ ಮುಂಗಡ ಮಾತ್ರ ತಗೋಬೇಡಿ, ತಗೊಂಡ್ರೆ ಮಾಲು ಬೇರೆ ಕಡೆ ಹಾಕೋ ಸ್ವಾತಂತ್ರ್ಯ ಹೋಯ್ತು. ಮಾರುಕಟ್ಟೆ ಕಾಯ್ದೆ ಪ್ರಕಾರ ರೈತನ ದುಡ್ಡಲ್ಲಿ ಕಮಿಷನ್ ಹಿಡಿಯೋ ಹಾಗಿಲ್ಲ. ಬಿಳಿ ಚೀಟಿ ಕೊಟ್ರೆ ಒಪ್ಪಬೇಡಿ, ಸರಿಯಾದ ಬಿಲ್ ಕೇಳಿ. ಮಂಡಿ ರೇಟು ದಿನಾ ಬರೆದಿಡಿ. ನೇರ ಮಾರೋದ್ರಲ್ಲಿ ನಿಜವಾಗಿ ಎಷ್ಟು ಜಾಸ್ತಿ ಸಿಕ್ತು ಅಂತ ಗೊತ್ತಾಗೋದು ಆ ರೇಟು ಪಕ್ಕದಲ್ಲಿದ್ದಾಗಲೇ.

ಧಾರವಾಡದಿಂದ

ನಮಸ್ಕಾರ್ರೀ. ನಾ ಒಂದು ರೈತ ಉತ್ಪಾದಕ ಕಂಪನಿಯೊಳಗ ಲೆಕ್ಕ ಬರಿತೀನಿ. ಒಂದ ಮಾತು ಹೇಳ್ತೀನ್ರಿ: ಬೆಲ್ಲದ ವ್ಯಾಪಾರಕ್ಕ ಬೇರೆ ಬ್ಯಾಂಕ್ ಖಾತೆ ತೆಗೀರಿ, ಕ್ಯೂಆರ್ ಕೋಡ್ ಆ ಖಾತೆದ್ದ ಇರ್ಲಿ. ಮನಿ ಖರ್ಚು, ಗೊಬ್ಬರದ ಖರ್ಚು ಅದರಾಗ ಕೂಡಿಸಬ್ಯಾಡ್ರಿ. ವರ್ಷದ ಕೊನಿಗೆ ಲಾಭ ಆತೋ ಇಲ್ಲೋ ಅಂತ ಪಾಸ್‌ಬುಕ್ಕ ಹೇಳ್ತೈತಿ, ಬ್ಯಾಂಕಿನವರೂ ಸಾಲ ಕೊಡೂಮುಂದ ಅದನ್ನ ನೋಡತಾರ.

ಸಾಲದ ಮಾತು ಬಂತಂದ್ರ, 2020ರಾಗ ಚಾಲೂ ಆದ ಪಿಎಂಎಫ್‌ಎಂಇ, ಅಂದ್ರ ಸಣ್ಣ ಆಹಾರ ತಯಾರಿಕಾ ಘಟಕಗಳಿಗೆ ಸಹಾಯಧನ ಕೊಡೂ ಯೋಜನೆ ಗೊತ್ತಿರ್ಲಿ. ಕೇಂದ್ರದ್ದು ನೂರಕ್ಕ 35 ಸಹಾಯಧನ, ನಮ್ಮ ರಾಜ್ಯ ಮ್ಯಾಲೆ 15 ಕೂಡಿಸಿತು. ಆ ಯೋಜನೆಯೊಳಗ ನಿಮ್ಮ ಮಂಡ್ಯ ಜಿಲ್ಲಾಕ್ಕ ಗೊತ್ತು ಮಾಡಿದ ಉತ್ಪನ್ನನ ಬೆಲ್ಲ. ಈಗ ಅರ್ಜಿ ತಗೊಳ್ಳಾಕತ್ತಾರೇನು ಅಂತ ಕೃಷಿ ಇಲಾಖಿ ಕಚೇರಿಯೊಳಗ ಕೇಳ್ರಿ. ಆದರ ಗಿರಾಕಿ ಇಲ್ಲದ ಮಶೀನ್ ತರಬ್ಯಾಡ್ರಿ. ಸಬ್ಸಿಡಿ ಬರೂದು ಸಾಲದ ಕೂಡ, ಕಂತು ನೀವ ಕಟ್ಟಬೇಕು.

ಮದ್ದೂರಿನಿಂದ ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಪಾಂಡವಪುರದ ಅಣ್ಣ, ನೀವು ಬರೆದ ಲೆಕ್ಕ ನಮ್ಮ ಅಂಕಿ ಹಾಕಿ ಮಾಡಿದ್ವಿ, ಕೆ.ಜಿ.ಗೆ ಅಸಲು 68 ಬಂತು. ಇನ್ನೊಂದು ಕೇಳಬೇಕು. ಒಬ್ಬ ಅಂಗಡಿಯವರು 200 ಕೆ.ಜಿ. ಒಟ್ಟಿಗೆ ಇಳಿಸಿ, ಮಾರಾಟ ಆದಂಗೆ ದುಡ್ಡು ಕೊಡ್ತೀನಿ ಅಂತಿದಾರೆ. ಒಪ್ಪಬಹುದಾ?

ಪಾಂಡವಪುರದಿಂದ

ಒಪ್ಪಬೇಡಿ ತಮ್ಮ. 68ರ ಲೆಕ್ಕಕ್ಕೆ 200 ಕೆ.ಜಿ. ಅಂದ್ರೆ ನಿಮ್ಮ 13,600 ರೂಪಾಯಿ ಅವರ ಅಂಗಡೀಲಿ ಕೂತಿರುತ್ತೆ, ಮೇಲೆ ಬೆಲ್ಲ ಮೆತ್ತಗಾದ್ರೆ ವಾಪಸ್ ನಿಮಗೇ ಬರುತ್ತೆ. 20 ಕೆ.ಜಿ. ಕೊಡಿ. ಎರಡನೇ 20 ಕೊಡೋವಾಗ ಮೊದಲನೇದರ ದುಡ್ಡು ಕೈಗೆ ಬರಬೇಕು ಅಂತ ಮೊದಲೇ ಮಾತಾಡ್ಕೊಳ್ಳಿ. ಡೆಲಿವರಿ ಚೀಟಿಗೆ ಅವರ ಸಹಿ, ಸೀಲು ಹಾಕಿಸಿ. ಉಳಿದ ಮಾಲು, ಕೆಟ್ಟ ಮಾಲು ಯಾರ ಲೆಕ್ಕಕ್ಕೆ ಅನ್ನೋದನ್ನೂ ಅದೇ ಚೀಟಿ ಮೇಲೆ ಬರೀರಿ. ಒಳ್ಳೇ ವ್ಯಾಪಾರಿ ಇದಕ್ಕೆಲ್ಲ ಬೇಜಾರು ಮಾಡ್ಕೊಳ್ಳಲ್ಲ, ನಮ್ಮ ಖಾಯಂ ಅಂಗಡಿಗಳೆಲ್ಲ ಹಿಂಗೇ ಶುರುವಾಗಿದ್ದು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿಗೆ ಒಂದ್ಸಲ ಹೋಗಿ ಬನ್ನಿ, ಬೆಲ್ಲದ ತೇವ, ಪಾಕದ ಹದದ ಬಗ್ಗೆ ಅಲ್ಲಿ ತಿಳಿದವರಿದ್ದಾರೆ. ಲೇಬಲ್ ಅಚ್ಚಿಗೆ ಕೊಡೋ ಮುಂಚೆ ಕರಡು ಇಲ್ಲೇ ಹಾಕಿ, ಶಿರಸಿ ಅಕ್ಕನೂ ನಾನೂ ನೋಡ್ತೀವಿ.