ಬಿಡುವಿನ ವೇಳೆಗೆ ಎಲೆಕ್ಟ್ರಾನಿಕ್ ಬೀಟ್: ಎಲ್ಲಿಂದ ಆರಂಭಿಸಲಿ?

ಪ್ರಶ್ನೆ:
ದಿನವಿಡೀ ಲೆಕ್ಕಪತ್ರಗಳ ಮುಂದೆ ಕುಳಿತು ದಣಿಯುವ ನಾನು, ಸಂಜೆಯ ಒಂದು ಗಂಟೆಯನ್ನು ಬೀಟ್, ಅಂದರೆ ಡ್ರಮ್ ಸದ್ದುಗಳ ಲಯ, ಕಟ್ಟುವುದಕ್ಕೆ ಮೀಸಲಿಡಬೇಕೆಂದುಕೊಂಡಿದ್ದೇನೆ. ನಾನು ಸಂಗೀತ ಕಲಿತವನಲ್ಲ; ನನ್ನ ಬಳಿ ಹಳೆಯ ಲ್ಯಾಪ್‌ಟಾಪ್ ಮತ್ತು ಹೆಡ್‌ಫೋನ್ ಮಾತ್ರ ಇವೆ. ಯಂತ್ರಗಳನ್ನು ಕೊಳ್ಳದೆ ಆರಂಭಿಸಬಹುದೇ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಖಂಡಿತ ಆರಂಭಿಸಬಹುದು. ಎಲ್‌ಎಂಎಂಎಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ ಸದ್ದುಗಳನ್ನು ಇಡಲು ಸಾಲಾಗಿ 16 ಮನೆಗಳು ಕಾಣುತ್ತವೆ; 1980ರಲ್ಲಿ ಬಂದ ರೋಲೆಂಡ್ ಟಿಆರ್-808 ಎಂಬ ಡ್ರಮ್ ಯಂತ್ರದಲ್ಲಿಯೂ ಹೀಗೆಯೇ 16 ಗುಂಡಿಗಳ ಸಾಲಿತ್ತು. 1 ಮತ್ತು 9ನೆಯ ಮನೆಗಳಲ್ಲಿ ಕಿಕ್ (ದೊಡ್ಡ ಡ್ರಮ್ಮಿನ ದಪ್ಪ ಸದ್ದು), 5 ಮತ್ತು 13ರಲ್ಲಿ ಸ್ನೇರ್ (ಚುರುಕಾದ ಡ್ರಮ್ ಪೆಟ್ಟು), ಎಲ್ಲ ಮನೆಗಳಲ್ಲಿಯೂ ಹೈ-ಹ್ಯಾಟ್ (ಲೋಹದ ತಟ್ಟೆಗಳ ಸಣ್ಣ ಸದ್ದು) ಇಟ್ಟು, ನಿಮಿಷಕ್ಕೆ 85 ಬೀಟ್‌ಗಳ, ಅಂದರೆ ತಾಳದ ಎಣಿಕೆಗಳ, ವೇಗದಲ್ಲಿ ಕೇಳಿರಿ. ಬಳಿಕ 9ರ ಕಿಕ್ಕನ್ನು 11ಕ್ಕೆ ಸರಿಸಿದರೆ ಇಡೀ ನಡೆಗೆ ಒಂದು ತೂಗಾಟ ಬರುತ್ತದೆ. ನನಗೆ ಈ ಹವ್ಯಾಸದ ರುಚಿ ಹತ್ತಿದ್ದು ಆ ಒಂದು ಬದಲಾವಣೆಯಿಂದಲೇ.

ಉತ್ತರ 2:
ಮೇಲಿನ ಮಾತಿಗೆ ಇಷ್ಟನ್ನು ಸೇರಿಸುತ್ತೇನೆ. ಒಂದು ಬೀಟ್‌ಗೆ ನಾಲ್ಕು ಮನೆಗಳಾದ್ದರಿಂದ, ನಿಮಿಷಕ್ಕೆ 120 ಬೀಟ್‌ಗಳ ವೇಗದಲ್ಲಿ ಒಂದೊಂದು ಮನೆಗೆ 125 ಮಿಲಿಸೆಕೆಂಡ್ ಕಾಲ ಸಿಗುತ್ತದೆ. ಸಮಸಂಖ್ಯೆಯ ಮನೆಗಳ ಹೈ-ಹ್ಯಾಟನ್ನು ಕೇವಲ 20 ಮಿಲಿಸೆಕೆಂಡ್ ತಡವಾಗಿಸಿ, ಅದರ ಸದ್ದನ್ನೂ ತುಸು ತಗ್ಗಿಸಿದರೆ ಯಂತ್ರದ ಬಿಗುವು ಸಡಿಲುತ್ತದೆ. ಇದನ್ನೇ ಸ್ವಿಂಗ್ ಎನ್ನುತ್ತಾರೆ. ಬ್ಲೂಟೂತ್ ಹೆಡ್‌ಫೋನ್ ಬೇಡ, ಏಕೆಂದರೆ ಗುಂಡಿ ಒತ್ತಿದ ಮೇಲೆ ಸದ್ದು ತಡವಾಗಿ ಕೇಳಿಸುತ್ತದೆ.

ಉತ್ತರ 3:
ವಿಶ್ರಾಂತಿಯೇ ಉದ್ದೇಶವಾದ್ದರಿಂದ, ಪೂರ್ಣ ಹಾಡು ಮುಗಿಸಬೇಕೆಂಬ ಹಟವನ್ನು ದಯವಿಟ್ಟು ಬಿಡಿ. ಹೊಸ ಹೊಸ ಸದ್ದುಗಳನ್ನು ಹುಡುಕುತ್ತ ಕುಳಿತರೆ ಗಂಟೆಯೇ ಕಳೆದುಹೋಗುತ್ತದೆ. ನಾನು ಒಂದು ಸಂಜೆಗೆ ನಾಲ್ಕೇ ಸದ್ದುಗಳನ್ನು ಆರಿಸಿಕೊಳ್ಳುತ್ತೇನೆ.