ಪೈಥಾನ್ ಲೈಬ್ರರಿಗೆ ‘ಸೇತು’ ಅಂತ ಹೆಸರಿಡಬಹುದೇ?

ಪ್ರಶ್ನೆ (ಹಿಂಜವಡಿ, ಪುಣೆ): ನಮ್ಮ ತಂಡದ ಡೇಟಾ ಪೈಪ್‌ಲೈನ್ ಲೈಬ್ರರಿಯನ್ನು ಓಪನ್ ಸೋರ್ಸ್ ಮಾಡ್ತಿದ್ದೇವೆ. ‘ಸೇತು’ ಅಂತ ಹೆಸರಿಡೋ ಯೋಚನೆ ಇದೆ. ಹೆಸರಿನಿಂದ ಬಳಕೆ ಹೆಚ್ಚು ಕಡಿಮೆ ಆಗುತ್ತಾ? ಮುಂದೆ ಬದಲಾಯಿಸೋದು ಕಷ್ಟವೇ?

ಉತ್ತರ (ಓಪನ್ ಸೋರ್ಸ್ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಂಟೇನರ್, ಬಾಣೇರ್): ಹೆಸರು ಚೆನ್ನಾಗಿದೆ ಅಂತ ಯಾರೂ ಲೈಬ್ರರಿ ಬಳಸಲ್ಲ. ಆದರೆ ಕಿವಿಗೆ ಬಿದ್ದ ಹೆಸರು ಹುಡುಕಿದಾಗ ಸಿಗದಿದ್ದರೆ ಅಲ್ಲಿಗೇ ಕೈಬಿಡ್ತಾರೆ. ಪುಣೆಯಲ್ಲಿ ಕೂತು ‘ಸೇತು’ ಹುಡುಕಿ ನೋಡಿ: ದಾಖಲೆ ಮಾಡಿಸುವ ಸೇತು ಕೇಂದ್ರಗಳು, ಆರೋಗ್ಯ ಸೇತು, ಎಪಿಐ ಸೇತು. ಇವುಗಳ ಕೆಳಗೆ ನೀವು ಕಾಣಿಸೋದೇ ಇಲ್ಲ. ಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೂ ಇದೇ ಕಾಟ ಇತ್ತು, ಜನ ‘ಗೋಲ್ಯಾಂಗ್’ ಅಂತ ಹುಡುಕೋದು ರೂಢಿ ಮಾಡಿಕೊಂಡರು. ಆದರೆ ಅದರ ಬೆನ್ನಿಗೆ ಗೂಗಲ್ ಇತ್ತು, ನಿಮಗಿಲ್ಲ.

ಕಾಗುಣಿತ ಇನ್ನೂ ದೊಡ್ಡ ತೊಡಕು. ಇಂಗ್ಲಿಷ್ ಅಕ್ಷರದಲ್ಲಿ ನಾವು ‘ತು’ಗೆ ಟಿ ಜೊತೆ ಎಚ್ ಸೇರಿಸ್ತೇವೆ, ಮರಾಠಿಗರು ಬರೀ ಟಿ ಬರೀತಾರೆ. ಪೈಪಿಐ (ಪೈಥಾನ್ ಪ್ಯಾಕೇಜ್‌ಗಳ ಆನ್‌ಲೈನ್ ಭಂಡಾರ) ಹೈಫನ್, ಅಂಡರ್‌ಸ್ಕೋರ್, ಚುಕ್ಕೆ, ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದ ಮಾಡಲ್ಲ, ಆದರೆ ಒಂದು ಅಕ್ಷರ ಹೆಚ್ಚಾದರೆ ಅದು ಬೇರೆಯೇ ಪ್ಯಾಕೇಜ್. ಆ ಖಾಲಿ ಹೆಸರಿನಲ್ಲಿ ಬೇರೆಯವರು ಮಾಲ್‌ವೇರ್ ಹಾಕಬಹುದು. ಫೋನಿನಲ್ಲಿ ಹೆಸರು ಹೇಳಿ ಐದಾರು ಜನರಿಂದ ಬರೆಸಿ ನೋಡಿ. ಎಲ್ಲರೂ ಒಂದೇ ರೀತಿ ಬರೆಯದಿದ್ದರೆ ಆ ಹೆಸರು ಬೇಡ.

ಇನ್‌ಸ್ಟಾಲ್ ಮಾಡುವ ಹೆಸರು, ಕೋಡ್‌ನಲ್ಲಿ ಕರೆಯುವ ಇಂಪೋರ್ಟ್ ಹೆಸರು, ಕೋಡ್ ಇಡುವ ರೆಪೊ ಹೆಸರು ಮೂರೂ ಒಂದೇ ಇರಲಿ. ಮಷಿನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್ ಇಂಪೋರ್ಟ್ ಆಗೋದು ‘ಎಸ್‌ಕೆಲರ್ನ್’ ಅಂತ. ಜನ ಅದನ್ನೇ ಇನ್‌ಸ್ಟಾಲ್ ಮಾಡುವ ಪಿಪ್ ಸಾಧನಕ್ಕೆ ಕೊಡ್ತಿದ್ದರು. ಅದಕ್ಕಾಗಿ ‘ಎಸ್‌ಕೆಲರ್ನ್’ ಹೆಸರಲ್ಲಿ ಇಟ್ಟಿದ್ದ ನೆಪಮಾತ್ರದ ಪ್ಯಾಕೇಜನ್ನು 2022ರ ಡಿಸೆಂಬರ್‌ನಿಂದ ಹಂತ ಹಂತವಾಗಿ ನಿಲ್ಲಿಸಬೇಕಾಯಿತು.

ಉತ್ತರ (ಟ್ರೇಡ್‌ಮಾರ್ಕ್ ವಕೀಲರು, ಮುಂಬೈ): ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಪಬ್ಲಿಕ್ ಸರ್ಚ್‌ನಲ್ಲಿ ಕ್ಲಾಸ್ 9 (ಸಾಫ್ಟ್‌ವೇರ್) ಮತ್ತು 42 (ಸಾಫ್ಟ್‌ವೇರ್ ಸೇವೆ) ಎರಡನ್ನೂ ನೋಡಿ. ವರ್ಡ್‌ಮಾರ್ಕ್ (ಬರೆದ ಪದದ) ಹುಡುಕಾಟ ಸಾಲದು, ಫೊನೆಟಿಕ್ (ಉಚ್ಚಾರಣೆಯ) ಹುಡುಕಾಟವೂ ಬೇಕು, ಏಕೆಂದರೆ ಉಚ್ಚಾರಣೆ ಹೋಲಿದರೂ ಆಕ್ಷೇಪಣೆ ಬರುತ್ತೆ. ‘ಡೇಟಾ ಪೈಪ್‌ಲೈನ್’ ಥರದ ಬರೀ ವರ್ಣನೆಯ ಹೆಸರಿಗೆ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತೆ. ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸ್‌ಗೆ ವ್ಯಕ್ತಿ, ಸ್ಟಾರ್ಟಪ್, ಸಣ್ಣ ಉದ್ಯಮಕ್ಕೆ ₹4,500, ಉಳಿದವರಿಗೆ ₹9,000. ಅರ್ಜಿ ಯಾರ ಹೆಸರಲ್ಲಿ ಅನ್ನೋದನ್ನು ಈಗಲೇ ತೀರ್ಮಾನಿಸಿ. ನೆಟ್‌ವರ್ಕ್ ಪರಿಶೀಲಿಸುವ ಸಾಫ್ಟ್‌ವೇರ್ ಈಥೀರಿಯಲ್‌ನ ಮೂಲ ಲೇಖಕರು 2006ರಲ್ಲಿ ಕೆಲಸ ಬದಲಿಸಿದಾಗ ಹೆಸರಿನ ಹಕ್ಕು ಹಳೇ ಕಂಪನಿಯಲ್ಲೇ ಉಳಿಯಿತು. ಪ್ರಾಜೆಕ್ಟ್ ವೈರ್‌ಶಾರ್ಕ್ ಆಯಿತು. ಡೆವಲಪರ್‌ಗಳೂ ಜೊತೆಗೇ ಹೋಗಿದ್ದರಿಂದ ಬಳಕೆದಾರರೂ ಹಿಂದೆಯೇ ಬಂದರು.

ಪ್ರಶ್ನೆ: ಬಿಡುಗಡೆ ಆದಮೇಲೆ ಬದಲಾಯಿಸಲೇಬೇಕಾದರೆ?

ಉತ್ತರ (ಮೇಂಟೇನರ್): ಪೈಪಿಐನಲ್ಲಿ ರೀನೇಮ್ ಇಲ್ಲ. ಹೊಸ ಹೆಸರಿನಲ್ಲಿ ಪ್ರಕಟಿಸಿ, ಹಳೆಯದರ ಕೊನೆಯ ಆವೃತ್ತಿ ಹೊಸದನ್ನು ಡಿಪೆಂಡೆನ್ಸಿಯಾಗಿ (ತನಗೆ ಬೇಕಾದ ಪ್ಯಾಕೇಜ್ ಆಗಿ) ಎಳೆದುಕೊಳ್ಳುವಂತೆ ಮಾಡಿ. ಹಳೆಯ ಇಂಪೋರ್ಟ್‌ಗೆ ಎಚ್ಚರಿಕೆ ಸಂದೇಶ ಇಡಿ. ಹಳೆಯ ಪ್ಯಾಕೇಜ್ ಅಳಿಸಲೇಬೇಡಿ, ಆ ಹೆಸರನ್ನು ಬೇರೆಯವರು ಹಿಡಿದುಕೊಳ್ಳಬಹುದು. ಕೋಡ್ ಇಡುವ ತಾಣ ಗಿಟ್‌ಹಬ್ ಹಳೆಯ ರೆಪೊ ವಿಳಾಸವನ್ನು ಹೊಸದಕ್ಕೆ ಕಳಿಸುತ್ತೆ, ಆದರೆ ಅದೇ ಖಾತೆಯಲ್ಲಿ ಹಳೆಯ ಹೆಸರಿನ ಇನ್ನೊಂದು ರೆಪೊ ತೆರೆದರೆ ಆ ದಾರಿ ಮುಚ್ಚಿತು. ಅದರ ವೆಬ್‌ಸೈಟ್ ಸೇವೆ ಗಿಟ್‌ಹಬ್ ಪೇಜಸ್‌ನಲ್ಲಿರುವ ಡಾಕ್ಯುಮೆಂಟೇಶನ್ ವಿಳಾಸಕ್ಕಂತೂ ಆ ಸೌಲಭ್ಯವೂ ಇಲ್ಲ.

ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಕಮಾಂಡ್ ಹೆಸರನ್ನೂ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಪ್ಯಾಕೇಜ್‌ಗಳಲ್ಲಿ ಹುಡುಕಿ. ಅಲ್ಲಿ ‘ನೋಡ್’ ಅನ್ನೋ ಕಮಾಂಡ್ ಹವ್ಯಾಸಿ ರೇಡಿಯೊದ ಪ್ರೋಗ್ರಾಂ ಒಂದರದ್ದಾಗಿತ್ತು. ಹಾಗಾಗಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್ ವರ್ಷಗಟ್ಟಲೆ ಅಲ್ಲಿ ‘ನೋಡ್‌ಜೆಎಸ್’ ಅಂತಲೇ ಓಡಬೇಕಾಯಿತು, ‘ನೋಡ್’ ಅಂತ ಕರೆಯುವ ಸ್ಕ್ರಿಪ್ಟ್‌ಗಳೆಲ್ಲ ಮುಗ್ಗರಿಸುತ್ತಿದ್ದವು.